ಹಳೆ ಕ್ವಾಲಿಸ್‌ಗೆ ಡಿಸ್ಕ್ ಬದಲಿಸುವಾಗ ಬೇರಿಂಗ್ ಏನು ಮಾಡಬೇಕು? ದಾವಣಗೆರೆಯ ಒಂದು ಪ್ರಕರಣ

ಗಾಡಿ ಟೊಯೊಟಾ ಕ್ವಾಲಿಸ್, ಡೀಸೆಲ್, 2003ರ ಮಾಡೆಲ್. ಮಾಲೀಕರು ಹರಿಹರ ತಾಲ್ಲೂಕಿನ ಭತ್ತದ ಬೆಳೆಗಾರರು. ಅವರ ಊರಿಗೆ ಭದ್ರಾ ನಾಲೆಯ ನೀರು ಬರುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಮತ್ತೆ ಐದು ವರ್ಷದ ಮಟ್ಟಿಗೆ ಆರ್‌ಸಿ ನವೀಕರಣ ಮಾಡಿಸಿಕೊಂಡು ಬಂದಿದ್ದರು. ಮಾರುವ ಯೋಚನೆ ಇರಲಿಲ್ಲ. ಬಿತ್ತನೆ ಬೀಜ, ಗೊಬ್ಬರದ ಚೀಲ, ಆಳುಗಳು, ಮದುವೆ ಮನೆ ನೆಂಟರು, ಎಲ್ಲದಕ್ಕೂ ಅದೇ ಗಾಡಿ.

ಕ್ವಾಲಿಸ್ ನಮ್ಮಲ್ಲಿ 2000ನೇ ಇಸವಿಯಲ್ಲಿ ಬಂತು. 2005ರಲ್ಲಿ ಇನ್ನೋವಾ ಬಂದಾಗ ನಿಂತುಹೋಯಿತು. ಆದರೂ ದಾವಣಗೆರೆ ಸುತ್ತಮುತ್ತಲ ಹಳ್ಳಿಗಳಲ್ಲಿ ಇವತ್ತಿಗೂ ಓಡುತ್ತಿವೆ. ಇಷ್ಟು ವಯಸ್ಸಾದ ಗಾಡಿಗೆ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ, ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಬದಲಿಸುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೇಗೂ ಚಕ್ರ ಬಿಚ್ಚಿದ್ದೀವಿ, ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗೆ ಕೂರಿಸಿರುವ ಸಾಮಾನು) ಕೂಡ ಹೊಸದು ಹಾಕಿಬಿಡೋಣವಾ? ಕೆಲವರು "ಹಾಕಲೇಬೇಕು" ಅನ್ನುತ್ತಾರೆ, ಕೆಲವರು "ಸುಮ್ನೆ ಖರ್ಚು" ಅನ್ನುತ್ತಾರೆ. ಈ ಗಾಡಿಯಲ್ಲಿ ಒಂದು ಚಕ್ರಕ್ಕೆ ಹೊಸ ಬೇರಿಂಗ್ ಹಾಕಿದೆವು, ಇನ್ನೊಂದಕ್ಕೆ ಹಳೆಯದನ್ನೇ ಉಳಿಸಿದೆವು. ಯಾಕೆ ಹಾಗೆ ಮಾಡಿದೆವು ಎನ್ನುವುದನ್ನು ಬಿಡಿಸಿ ಹೇಳಲು ಈ ಬರಹ.

ದೂರು ಏನಿತ್ತು

ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ. ಊರೊಳಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಎಂಬತ್ತರ ವೇಗದಿಂದ ಬ್ರೇಕ್ ಹಿಡಿದರೆ ಕೈಯೆಲ್ಲ ಅದುರುತ್ತದೆ. ಬೇರೊಬ್ಬರು ಗಾಡಿ ನೋಡಿ, "ಡಿಸ್ಕ್ ಬೆಂಡಾಗಿದೆ, ಬದಲಿಸಿ" ಎಂದಿದ್ದರಂತೆ. ಯಜಮಾನರು ಎರಡು ಹೊಸ ಡಿಸ್ಕನ್ನೂ, ಡಿಸ್ಕನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಸೆಟ್ಟನ್ನೂ ಕೊಂಡು, ಹಿಂದಿನ ಸೀಟಿನ ಕೆಳಗಿಟ್ಟುಕೊಂಡೇ ನಮ್ಮ ಗ್ಯಾರೇಜಿಗೆ ಬಂದರು.

"ಡಿಸ್ಕ್ ತಂದೀನಿ ಮೇಸ್ತ್ರಿ. ಹಾಕಿ ಕೊಡ್ರಿ, ಸಂಜಿಗೆ ಊರಿಗೆ ಹೋಗ್ಬೇಕು."

"ಹಾಕೋಣ ಯಜಮಾನ್ರೇ. ಅದಕ್ಕೂ ಮುಂಚೆ ಒಂದು ರೌಂಡು ಓಡಿಸ್ಕೊಂಡು ಬರ್ತೀನಿ."

ಸಾಮಾನು ಕೈಯಲ್ಲಿ ಹಿಡಿದು ಬಂದ ಗಿರಾಕಿಗೆ ಕಾಯಿಸುವುದು ಇಷ್ಟವಾಗುವುದಿಲ್ಲ. ಆದರೂ ಓಡಿಸಿ ನೋಡದೆ ಬ್ರೇಕಿನ ಕೆಲಸ ಶುರು ಮಾಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಡುಕ ಇದೆ ಎಂದು ಗಿರಾಕಿ ಹೇಳಬಲ್ಲರು. ಅದು ಎಲ್ಲಿಂದ ಬರುತ್ತಿದೆ ಎನ್ನುವುದನ್ನು ಗಾಡಿಯೇ ಹೇಳಬೇಕು.

ಹಳೆ ಪಿ.ಬಿ. ರಸ್ತೆ ಹಿಡಿದು ದೊಡ್ಡಬಾತಿ ಕಡೆ ಹೋದೆ. ನಡುಕ ನಿಜ. ಅದರ ಜೊತೆಗೆ ಅವರು ಹೇಳದೇ ಇದ್ದ ಎರಡು ಸಂಗತಿ ಸಿಕ್ಕವು. ಒಂದು, ಐವತ್ತರ ಮೇಲೆ ಮುಂದಿನಿಂದ ಸಣ್ಣಗೆ 'ಗುಂಯ್' ಎನ್ನುವ ಸದ್ದು. ಗೇರ್ ನ್ಯೂಟ್ರಲ್‌ಗೆ ಹಾಕಿದರೂ ಹೋಗಲಿಲ್ಲ, ಹಾಗಾಗಿ ಇಂಜಿನ್ ಸದ್ದಲ್ಲ. ಎಡಕ್ಕೆ ತಿರುಗುವಾಗ ಜಾಸ್ತಿಯಾಯಿತು, ಬಲಕ್ಕೆ ತಿರುಗುವಾಗ ಕಡಿಮೆಯಾಯಿತು. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಹಾಗಾಗಿ ಅನುಮಾನ ಬಲ ಮುಂಚಕ್ರದ ಬೇರಿಂಗ್ ಮೇಲೆ ಹೋಯಿತು.

ಇನ್ನೊಂದು ಬ್ರೇಕ್ ಪೆಡಲಿನದು. ಗುಂಡಿ ಬಿದ್ದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಬ್ರೇಕ್ ಒತ್ತಿದರೆ, ಮೊದಲ ಸಲ ಪೆಡಲ್ ಕೆಳಗೆ ಹೋಗುತ್ತಿತ್ತು. ತಕ್ಷಣ ಎರಡನೇ ಸಲ ಒತ್ತಿದರೆ ಸರಿಯಾದ ಎತ್ತರದಲ್ಲೇ ನಿಲ್ಲುತ್ತಿತ್ತು. ಇಂಥ ಲಕ್ಷಣ ಕಂಡರೆ ಎಷ್ಟೋ ಕಡೆ ಪೆಡಲಿನ ಒತ್ತಡವನ್ನು ಬ್ರೇಕಿಗೆ ಕಳಿಸುವ ಮಾಸ್ಟರ್ ಸಿಲಿಂಡರ್ ಬದಲಿಸಿಬಿಡುತ್ತಾರೆ. ಬೇರಿಂಗ್ ಸಡಿಲವಾದಾಗಲೂ ಹೀಗೇ ಆಗುತ್ತದೆ. ಗುಂಡಿಯಲ್ಲಿ ಹಬ್ (ಚಕ್ರ, ಡಿಸ್ಕ್ ಎರಡನ್ನೂ ಬಿಗಿದಿರುವ ನಡುವಿನ ಭಾಗ) ಅಲ್ಲಾಡಿದರೆ ಡಿಸ್ಕ್ ಕೂಡ ಓರೆಯಾಗಿ ಅಲ್ಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಪ್ಯಾಡಿನ ಜೊತೆ ಅದನ್ನು ಒತ್ತುವ ಪಿಸ್ಟನ್ನೂ ಒಳಕ್ಕೆ ಹೋಗುತ್ತದೆ. ಮುಂದಿನ ಸಲ ಪೆಡಲ್ ಒತ್ತಿದಾಗ ಆ ಖಾಲಿ ಜಾಗ ತುಂಬಿದ ಮೇಲೆಯೇ ಬ್ರೇಕ್ ಹಿಡಿಯಲು ಶುರುವಾಗುವುದು.

ಜಾಕ್ ಮೇಲೆ ನೋಡಿದ್ದು

ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ, ಸ್ಟ್ಯಾಂಡ್ ಕೊಟ್ಟೆವು. ಬಲ ಚಕ್ರದ ಮೇಲ್ತುದಿಗೆ ಒಂದು ಕೈ, ಕೆಳತುದಿಗೆ ಒಂದು ಕೈ ಇಟ್ಟು ಒಳಗೂ ಹೊರಗೂ ತಳ್ಳಿದರೆ ಕಟ್ ಕಟ್ ಎಂದು ಅಲ್ಲಾಡಿತು. ಪ್ಲೇ, ಅಂದರೆ ಸಡಿಲಾಟ, ಇದೆ. ಆದರೆ ಈ ಪ್ಲೇ ಬೇರಿಂಗಿನದೋ, ಚಕ್ರದ ಭಾಗವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟಿನದೋ ಎನ್ನುವುದು ಕೈಗೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಸುಲಭ ಉಪಾಯ ಇದೆ, ಪ್ರತಿ ಗ್ಯಾರೇಜಿನ ಹುಡುಗನಿಗೂ ಇದನ್ನು ಮೊದಲು ಕಲಿಸಬೇಕು. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಗಟ್ಟಿಯಾಗಿ ಒತ್ತಿಸಿ, ಮತ್ತೆ ಅಲ್ಲಾಡಿಸಿ ನೋಡಬೇಕು. ಬ್ರೇಕ್ ಹಿಡಿದಾಗ ಡಿಸ್ಕ್, ಹಬ್ ಎರಡೂ ಕ್ಯಾಲಿಪರ್ (ಪ್ಯಾಡ್, ಪಿಸ್ಟನ್ ಇರುವ ಹಿಡಿ) ಮೂಲಕ ನಕಲ್‌ಗೆ (ಹಬ್ ಹೊತ್ತು ಸ್ಟೇರಿಂಗ್ ಜೊತೆ ತಿರುಗುವ ಭಾಗ) ಬಿಗಿಯಾಗಿ ಸೇರಿಕೊಳ್ಳುತ್ತವೆ. ಆಗ ಪ್ಲೇ ಮಾಯವಾದರೆ ತಪ್ಪು ಬೇರಿಂಗಿನದು. ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಅದರಾಚೆಯ ಸಾಮಾನಿನದು.

ನಮ್ಮ ಹುಡುಗ ಬ್ರೇಕ್ ಒತ್ತಿದ. ಪ್ಲೇ ಪೂರ್ತಿ ನಿಂತಿತು. ಬ್ರೇಕ್ ಬಿಟ್ಟು ಚಕ್ರ ತಿರುಗಿಸಿದಾಗ ಒಳಗೆ ಗರಗರ ಎನ್ನುವುದು ಕೈಗೆ ತಿಳಿಯುತ್ತಿತ್ತು. ಎಡ ಚಕ್ರದಲ್ಲಿ ಪ್ಲೇ ಕಾಣಲಿಲ್ಲ, ನುಣುಪಾಗಿ ತಿರುಗಿತು.

ಚಕ್ರ ತೆಗೆದು, ಹಳೆ ಡಿಸ್ಕನ್ನು ಜಾಗದಲ್ಲೇ ಇಟ್ಟು, ತಿರುಗುವಾಗ ಅದು ಎಷ್ಟು ಓಲಾಡುತ್ತದೆ ಎಂದು ಅಳೆಯಲು ಡಯಲ್ ಗೇಜ್ ಹಚ್ಚಿದೆವು. ಬಲಗಡೆ ಡಿಸ್ಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಮುಳ್ಳು 0.2 ಮಿ.ಮೀ. ಹತ್ತಿರ ಓಡಾಡಿತು. ಸಾಮಾನ್ಯವಾಗಿ ಇದು 0.1ರೊಳಗೆ ಇರಬೇಕು. ಮೈಕ್ರೋಮೀಟರ್‌ನಲ್ಲಿ ದಪ್ಪ ನೋಡಿದರೆ ಬಲ ಡಿಸ್ಕ್ ಅದರ ಮೇಲೇ ಕೆತ್ತಿದ್ದ ಕನಿಷ್ಠ ದಪ್ಪಕ್ಕಿಂತ ಕೆಳಗೆ ಇಳಿದಿತ್ತು. ಲೇತ್‌ಗೆ ಕೊಟ್ಟು ಸ್ಕಿಮ್ಮಿಂಗ್ (ಮೇಲ್ಮೈ ಹೆರೆದು ಸಮ ಮಾಡುವುದು) ಮಾಡಿಸುವ ಮಾತು ಅಲ್ಲಿಗೇ ಮುಗಿಯಿತು. ಎಡ ಡಿಸ್ಕ್‌ಗೆ ಇನ್ನೂ ಸ್ವಲ್ಪ ಜೀವ ಇತ್ತು. ಆದರೆ ಒಂದೇ ಆಕ್ಸಲ್ಲಿನ ಎರಡು ಕಡೆ ಒಂದು ಹೊಸದು, ಒಂದು ಸವೆದದ್ದು ಇದ್ದರೆ ಬ್ರೇಕ್ ಒಂದು ಕಡೆ ಎಳೆಯಬಹುದು. ಡಿಸ್ಕ್ ಯಾವತ್ತೂ ಜೋಡಿಯಾಗಿಯೇ ಬದಲಾಗಬೇಕು.

ಡಿಸ್ಕ್ ನಿಜವಾಗಿ ಬೆಂಡಾಗಿತ್ತಾ?

ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಸ್ಟೇರಿಂಗ್ ನಡುಗಿದರೆ ಸಾಕು, ಡಿಸ್ಕ್ ಬೆಂಡ್ ಎಂದುಬಿಡುವುದು ನಮ್ಮಲ್ಲಿ ರೂಢಿ. ಬಹಳ ಸಲ ಆಗಿರುವುದು ಬೇರೆ. ಡಿಸ್ಕ್ ನೇರವಾಗಿ ಸುತ್ತದೆ ಸ್ವಲ್ಪ ಓಲಾಡಿಕೊಂಡು ಸುತ್ತುತ್ತದೆ ಎಂದುಕೊಳ್ಳಿ. ಬ್ರೇಕ್ ಒತ್ತದೇ ಇದ್ದಾಗಲೂ ಪ್ರತಿ ಸುತ್ತಿನಲ್ಲಿ ಅದರ ಒಂದೇ ಜಾಗ ಪ್ಯಾಡಿಗೆ ತಾಗಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೇ ಓಡಿದ ಮೇಲೆ ಆ ಜಾಗ ಉಳಿದ ಜಾಗಕ್ಕಿಂತ ತೆಳ್ಳಗಾಗುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗ ಪ್ಯಾಡುಗಳ ನಡುವೆ ದಪ್ಪ ಜಾಗ, ತೆಳು ಜಾಗ ಬದಲಾಗುತ್ತಾ ಹಾದುಹೋಗುತ್ತವೆ. ಹಿಡಿತ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಅದೇ ಸ್ಟೇರಿಂಗ್‌ಗೆ ನಡುಕವಾಗಿ ಬರುವುದು. ದಪ್ಪದಲ್ಲಿ 0.02 ಮಿ.ಮೀ. ಆಸುಪಾಸು ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗಬಹುದು. ಒಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ ಅದು.

ಹಾಗಾದರೆ ಡಿಸ್ಕ್ ಓಲಾಡುವುದು ಯಾಕೆ? ಡಿಸ್ಕ್ ಹಬ್‌ಗೆ ಕೂತಿರುತ್ತದೆ, ಹಬ್ ಬೇರಿಂಗ್ ಮೇಲೆ ಕೂತಿರುತ್ತದೆ. ಬೇರಿಂಗ್‌ನಲ್ಲಿ ಚೂರು ಪ್ಲೇ ಇದ್ದರೆ, ಮಧ್ಯದಿಂದ ದೂರ ಹೋದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ಡಿಸ್ಕ್‌ನ ಅಂಚಿನಲ್ಲಿ, ಅಂದರೆ ಪ್ಯಾಡ್ ಹಿಡಿಯುವ ಜಾಗದಲ್ಲೇ ಅದರ ಪೆಟ್ಟು ಬೀಳುವುದು. ಇಂಥ ಹಬ್‌ಗೆ ಹೊಳೆಯುವ ಹೊಸ ಡಿಸ್ಕ್ ಹಾಕಿ ಕಳಿಸಿದರೆ ಮೊದಲ ಕೆಲವು ವಾರ ಗಿರಾಕಿ ಖುಷಿಯಾಗಿರುತ್ತಾರೆ. ಆಮೇಲೆ ಹೊಸ ಡಿಸ್ಕ್ ಕೂಡ ಅದೇ ರೀತಿ ಒಂದು ಜಾಗದಲ್ಲಿ ಸವೆದು ನಡುಕ ವಾಪಸ್ ಬರುತ್ತದೆ. ಬೈಗುಳ ಡಿಸ್ಕ್ ಮಾರಿದವರಿಗೆ ಬೀಳುತ್ತದೆ.

ಇದನ್ನು ಯಜಮಾನರಿಗೆ ಡಯಲ್ ಗೇಜಿನ ಮುಳ್ಳು ತೋರಿಸಿಕೊಂಡೇ ಹೇಳಿದೆ. ಅವರು ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಹಚ್ಚಿ ಕೊಟ್ಟರು. ಮಗ, "ಅಂಕಲ್, ಎರಡೂ ಕಡೆ ಬೇರಿಂಗ್, ಸೀಲ್, ಎಲ್ಲಾ ಹೊಸದೇ ಹಾಕಿಬಿಡಿ, ಅಪ್ಪ ಮತ್ತೆ ಮತ್ತೆ ಅಲೆಯೋದು ಬೇಡ" ಎಂದ. ಪಕ್ಕದಲ್ಲಿ ಅಪ್ಪ, "ಬ್ಯಾಡ ಬ್ಯಾಡ, ಬಲಗಡೀದು ಮಾತ್ರ ನೋಡ್ರಿ" ಅನ್ನುತ್ತಿದ್ದರು. ಬಿಚ್ಚಿ ನೋಡಿ ಹೇಳುತ್ತೇನೆ ಎಂದು ಇಬ್ಬರಿಗೂ ಹೇಳಿದೆ.

ಬಿಚ್ಚಿದಾಗ

ಕ್ವಾಲಿಸ್‌ನಂಥ ಇಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುವ ಹಳೆ ಗಾಡಿಯಲ್ಲಿ ಮುಂದಿನ ಡಿಸ್ಕ್ ಸುಮ್ಮನೆ ಕಳಚಿ ಬರುವುದಿಲ್ಲ. ಅದನ್ನು ಹಬ್‌ನ ಹಿಂಬದಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಡಿಸ್ಕ್ ಬೇಕೆಂದರೆ ಹಬ್ಬನ್ನೇ ಅದು ಕೂತಿರುವ ಸ್ಟಬ್ ಆಕ್ಸಲ್‌ನಿಂದ ಹೊರಗೆಳೆಯಬೇಕು. ಹಬ್‌ನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್ (ಓರೆಯಾಗಿ ಜೋಡಿಸಿದ ಉರುಳೆಗಳಿರುವ ಬೇರಿಂಗ್) ಇರುತ್ತವೆ, ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಒಳಗಿನದರ ಹಿಂದೆ, ಗ್ರೀಸ್ ಹೊರಬರದಂತೆ, ನೀರು ಒಳಹೋಗದಂತೆ ತಡೆಯುವ ಆಯಿಲ್ ಸೀಲ್. ಅಂದರೆ ಡಿಸ್ಕ್ ಬದಲಿಸುವ ಕೆಲಸದಲ್ಲೇ ಬೇರಿಂಗ್ ಬಿಚ್ಚುವ ಕೆಲಸವೂ ಮುಗಿದಿರುತ್ತದೆ. ಕೂಲಿ ಬೇರೆ ಇಲ್ಲ. ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡುವ ಇಂಥ ಅವಕಾಶವನ್ನು ಬಿಟ್ಟು, ಹಳೆ ಗ್ರೀಸ್ ಸಮೇತ ಹಾಗೇ ವಾಪಸ್ ತುರುಕುವುದನ್ನು ನಾನು ಒಪ್ಪುವುದಿಲ್ಲ.

ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆವು. ಅದನ್ನು ಬ್ರೇಕ್ ಹೋಸ್‌ನ ಮೇಲೆ ಜೋತು ಬಿಡಬಾರದು, ಒಳಗಿನ ಪದರ ಹರಿದರೆ ಹೊರಗಿನಿಂದ ಕಾಣುವುದೂ ಇಲ್ಲ. ಬಲಗಡೆಯ ಕ್ಯಾಲಿಪರ್‌ನ ಒಂದು ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಸರಿಯುವ ಕಡ್ಡಿ) ತುಕ್ಕು ಹಿಡಿದು ಜಾಮ್ ಆಗಿತ್ತು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬಹಳ ಸವೆದಿತ್ತು. ಅಂದರೆ ಬ್ರೇಕ್ ಬಿಟ್ಟ ಮೇಲೂ ಒಂದು ಪ್ಯಾಡ್ ಡಿಸ್ಕ್‌ಗೆ ಉಜ್ಜಿಕೊಂಡೇ ಓಡುತ್ತಿತ್ತು. ಆ ಬಿಸಿಯೆಲ್ಲ ಡಿಸ್ಕ್‌ನಿಂದ ಹಬ್‌ಗೆ, ಹಬ್‌ನಿಂದ ಬೇರಿಂಗ್‌ನ ಗ್ರೀಸ್‌ಗೆ ಹೋಗುತ್ತಿತ್ತು.

ಗ್ರೀಸ್ ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ ಬಿಚ್ಚಿದೆವು. ಹೊರಗಿನ ಬೇರಿಂಗ್ ಕೈಗೆ ಬಂತು. ಅದರ ಗ್ರೀಸ್ ಕಂದು ಬಣ್ಣದಲ್ಲಿ ಇರಲಿಲ್ಲ, ಹಾಲು ಬೆರೆತಂತೆ ಬೆಳ್ಳಗೆ ತಿರುಗಿತ್ತು. ನೀರು ಸೇರಿದ ಗುರುತು ಅದು. ಹಬ್ ಎಳೆದು ಸೀಲ್ ಕಿತ್ತರೆ ಒಳಗಿನ ಬೇರಿಂಗ್ ಇನ್ನೂ ಕೆಟ್ಟಿತ್ತು. ಸೀಲಿನ ತುಟಿ ಒಣಗಿ ಗಟ್ಟಿಯಾಗಿತ್ತು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದೆವು. (ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಿಂದ ಗಿರ್ರನೆ ತಿರುಗಿಸುವ ಆಟ ಹುಡುಗರಿಗೆ ಇಷ್ಟ. ದಯವಿಟ್ಟು ಯಾರೂ ಮಾಡಬೇಡಿ. ಗ್ರೀಸ್ ಇಲ್ಲದೆ ಆ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು. ರೋಲರ್ ಸಿಡಿದರೆ ಕಣ್ಣು ಹೋಗುತ್ತದೆ.)

ಒಳಗಿನ ಬೇರಿಂಗ್‌ನ ಕಪ್‌ನಲ್ಲಿ (ರೋಲರ್‌ಗಳು ಉರುಳುವ ಹೊರ ಉಂಗುರ) ರೋಲರ್‌ಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲು ಸಾಲು ಕಪ್ಪು ಗೆರೆಗಳು ಇದ್ದವು. ನೀರು ಒಳಗಿದ್ದಾಗ ಗಾಡಿ ನಿಂತರೆ, ರೋಲರ್ ತಾಗಿದ ಗೆರೆಯಲ್ಲೇ ತುಕ್ಕು ಕೊರೆಯುತ್ತದೆ. ಅಂಥ ಎರಡು ಗೆರೆಗಳ ಹತ್ತಿರ ಉಕ್ಕು ಚಕ್ಕೆ ಎದ್ದು ಬರಲು ಶುರುವಾಗಿತ್ತು. ಉಗುರು ಎಳೆದರೆ ಸಿಗುತ್ತಿತ್ತು. ಈ ಬೇರಿಂಗ್‌ಗೆ ಗ್ರೀಸ್ ತುಂಬಿದರೂ ಉಪಯೋಗವಿಲ್ಲ. ಚಕ್ಕೆ ಎದ್ದ ಜಾಗ ದಿನದಿನಕ್ಕೆ ದೊಡ್ಡದಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ.

ಎಡ ಹಬ್ ಬಿಚ್ಚಿದಾಗ ಬೇರೆಯೇ ಚಿತ್ರ. ಗ್ರೀಸ್ ಹಳೆಯದಾಗಿ ಕಪ್ಪಾಗಿತ್ತು, ಆದರೆ ನುಣುಪಾಗಿತ್ತು, ನೀರಿನ ಸುಳಿವಿಲ್ಲ. ತೊಳೆದ ಮೇಲೆ ಕಪ್, ರೋಲರ್ ಎರಡೂ ಬೂದು ಬಣ್ಣದಲ್ಲಿ ಸಮನಾಗಿ ಕಂಡವು. ಗೆರೆ ಇಲ್ಲ, ಚಕ್ಕೆ ಇಲ್ಲ, ಬಿಸಿಗೆ ನೀಲಿಯಾದ ಕಲೆ ಇಲ್ಲ. ರೋಲರ್‌ಗಳನ್ನು ಹಿಡಿದಿಡುವ ಕೇಜ್ ಸವೆದಿರಲಿಲ್ಲ.

ಬಲಗಡೆಗೆ ಮಾತ್ರ ನೀರು ಹೋದದ್ದು ಹೇಗೆ?

ಇದಕ್ಕೆ ಉತ್ತರ ಸಿಗದೆ ಹೊಸ ಬೇರಿಂಗ್ ಹಾಕಿದರೆ ಅರ್ಧ ಕೆಲಸ ಮಾಡಿದಂತೆ. ಯಜಮಾನರನ್ನು ಕೇಳಿದೆ.

"ಗಾಡಿ ಎಲ್ಲಿ ತೊಳೀತೀರಿ?"

"ನಾಲಿ ಹತ್ರನೇ ತೊಳೀತೀವಿ. ದಾವಣಗೆರಿಯಿಂದ ಬರ್ತಾ ಅಲ್ಲೇ ಇಳಿಸಿಬಿಡ್ತೀನಿ."

ಅವರ ಊರ ಹತ್ತಿರ ದನ ಇಳಿಯಲು ನಾಲೆಗೆ ಒಂದು ಇಳಿಜಾರು ಇದೆಯಂತೆ. ಗಾಡಿಯ ಬಲಭಾಗ ನೀರಿನೊಳಗೆ, ಎಡಭಾಗ ದಡದ ಮೇಲೆ ಇರುವಂತೆ ನಿಲ್ಲಿಸುತ್ತಾರೆ. ಕೆಳಗಿನ ಕೆಸರು ಚೆನ್ನಾಗಿ ಹೋಗಲಿ ಎಂದು ಸ್ವಲ್ಪ ಹೊತ್ತು ಹಾಗೇ ಬಿಡುತ್ತಾರೆ. ಅದೂ ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದು, ಬ್ರೇಕ್ ಬಿಸಿ ಇರುವಾಗಲೇ.

ಬಿಸಿಯಾದ ಹಬ್‌ನೊಳಗಿನ ಗಾಳಿ ಹಿಗ್ಗಿರುತ್ತದೆ. ಅದನ್ನು ತಣ್ಣೀರಿಗೆ ಇಳಿಸಿದ ತಕ್ಷಣ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ನೀರು, ನಡುವೆ ಇರುವುದು ಹಳೆ ಸೀಲಿನ ಗಟ್ಟಿಯಾದ ತುಟಿ. ನೀರು ಒಳಗೆ ಹೋಗಲೇಬೇಕು. ಅದೇ ಕೆಸರು ನೀರು ಸ್ಲೈಡ್ ಪಿನ್ನಿನ ರಬ್ಬರ್ ಒಳಗೂ ಸೇರಿ ತುಕ್ಕು ಹಿಡಿಸಿತ್ತು. ಪಿನ್ ಜಾಮ್ ಆದ್ದರಿಂದ ಪ್ಯಾಡ್ ಉಜ್ಜಿ ಹಬ್ ಇನ್ನೂ ಬಿಸಿಯಾಗುತ್ತಿತ್ತು. ಬಿಸಿ ಜಾಸ್ತಿಯಾದಷ್ಟೂ ಮುಂದಿನ ಸಲ ಇನ್ನಷ್ಟು ನೀರು ಒಳಗೆ. ಯಾರದೋ ಸಾಮಾನು ಕಳಪೆ ಎಂದು ಇಲ್ಲಿ ಹೇಳುವಂತಿಲ್ಲ. ತುಂಗಭದ್ರೆಯ ದಡದಲ್ಲಿ, ಸೂಳೆಕೆರೆಯ ಅಂಚಿನಲ್ಲಿ, ನಾಲೆಗಳ ಇಳಿಜಾರಿನಲ್ಲಿ ಹೀಗೆ ನಿಂತ ಗಾಡಿಗಳು ನಮ್ಮ ಕಡೆ ದಿನಾ ಕಾಣುತ್ತವೆ, ಅಲ್ವಾ? ನದಿಗೆ ಇಳಿಸಿ ತೊಳೆಯುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಮೊದಲು ಗಾಡಿ ಪೂರ್ತಿ ತಣ್ಣಗಾಗಲಿ, ನೀರು ಹಬ್ ಮಟ್ಟಕ್ಕೆ ಬರದಿರಲಿ.

ಏನು ಹಾಕುವುದು, ಏನು ಉಳಿಸುವುದು

ಬಲ ಹಬ್‌ಗೆ ಒಳಗಿನದು, ಹೊರಗಿನದು ಎರಡೂ ಹೊಸ ಬೇರಿಂಗ್. ಚಕ್ಕೆ ಎದ್ದದ್ದು ಒಳಗಿನದೇ ಆದರೂ ಹೊರಗಿನದೂ ಅದೇ ನೀರು ಕುಡಿದಿತ್ತು. ಸೀಲ್ ಎರಡೂ ಕಡೆ ಹೊಸದು. ಒಮ್ಮೆ ಕಿತ್ತ ಸೀಲನ್ನು ಮತ್ತೆ ಹೊಡೆಯಬಾರದು, ಇದರಲ್ಲಿ ಉಳಿತಾಯದ ಮಾತೇ ಇಲ್ಲ. ಸ್ಪ್ಲಿಟ್ ಪಿನ್ನೂ ಎರಡೂ ಕಡೆ ಹೊಸದು.

ಎಡ ಹಬ್‌ನ ಬೇರಿಂಗ್‌ಗಳನ್ನು ಉಳಿಸಿದೆವು. ಮಗನಿಗೆ ಇದು ಸಮಾಧಾನ ಆಗಲಿಲ್ಲ. "ಅದೂ ಅಷ್ಟೇ ಹಳೇದಲ್ವಾ ಅಂಕಲ್?" ಎಂದ. ನ್ಯಾಯವಾದ ಪ್ರಶ್ನೆ. ಆದರೆ ಟೇಪರ್ ರೋಲರ್ ಬೇರಿಂಗ್‌ನ ಗುಣವೇ ಬೇರೆ. ಇದು ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ಮತ್ತೆ ಬಿಗಿಮಾಡಿ ಓಡಿಸಲೆಂದೇ ಮಾಡಿದ ಸಾಮಾನು. ಒಳ್ಳೆ ಗ್ರೀಸ್ ಇದ್ದು, ನೀರು ಮತ್ತು ಧೂಳು ಸೇರದಿದ್ದರೆ ಬಹಳ ಕಾಲ ಬಾಳುತ್ತದೆ. ಬರೀ ವರ್ಷ ಎಣಿಸಿ ಅದನ್ನು ಎಸೆಯಬೇಕಿಲ್ಲ. ಇನ್ನೊಂದು ಕಾರಣವೂ ಇದೆ. ಅಚ್ಚುಕಟ್ಟಾಗಿ ಓಡುತ್ತಿರುವ ಒಳ್ಳೆ ಬೇರಿಂಗ್ ತೆಗೆದು, ಅಂಗಡಿಯಲ್ಲಿ ಸಿಕ್ಕ ಯಾವುದೋ ಸೆಟ್ ಹಾಕಿದರೆ ಗಾಡಿಗೆ ಲಾಭವಾಯಿತು ಎಂದು ಹೇಳಲು ನನಗೆ ಧೈರ್ಯ ಸಾಲದು. ಬಲಗಡೆಯದನ್ನು ತರಲು ಹೋದಾಗಲೇ ಅದು ಗೊತ್ತಾಯಿತು.

ಮೊದಲು ಹೋದ ಅಂಗಡಿಯಲ್ಲಿ ಕೊಟ್ಟ ಪೆಟ್ಟಿಗೆ ಚೆನ್ನಾಗಿತ್ತು. ತೆರೆದರೆ ಕೋನ್ (ಬೇರಿಂಗ್‌ನ ಒಳ ಉಂಗುರ) ಮೇಲಿನ ಅಕ್ಷರ ಅಂಕುಡೊಂಕು, ಒಂದು ಅಂಕಿ ಉಜ್ಜಿದಂತಿತ್ತು. ಪೆಟ್ಟಿಗೆಯ ನಂಬರಿಗೂ ಕಪ್‌ನ ನಂಬರಿಗೂ ಹೊಂದಿಕೆ ಇರಲಿಲ್ಲ. ವಾಪಸ್ ಕೊಟ್ಟು ಬಂದೆವು. ಬೇರಿಂಗ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಬೇಕು. ಕಪ್, ಕೋನ್ ಎರಡರ ಮೇಲೂ ಕೆತ್ತಿರುವ ನಂಬರ್ ಓದಿ ಹೊಂದಿಸಬೇಕು, ಪೆಟ್ಟಿಗೆಯ ಬಣ್ಣ ನೋಡಿ ಅಲ್ಲ. ಜೈಪುರದಲ್ಲಿ ತಯಾರಾಗುವ ಎನ್‌ಬಿಸಿ, ಜಪಾನಿನ ಕೊಯೊ, ಎನ್‌ಎಸ್‌ಕೆ, 1898ರಲ್ಲಿ ಟೇಪರ್ ಬೇರಿಂಗ್‌ಗೆ ಪೇಟೆಂಟ್ ಪಡೆದ ಟಿಮ್ಕೆನ್ ಅವರ ಹೆಸರಿನ ಕಂಪನಿ, ಇಂಥ ತಯಾರಕರ ಅಸಲಿ ಮಾಲು ನಂಬಿಕೆಯ ಅಂಗಡಿಯಲ್ಲಿ ಸಿಕ್ಕರೆ ಯಾವುದಾದರೂ ಸರಿ. ಹಳೆ ಕಪ್ ಒಳಗೇ ಬಿಟ್ಟು ಹೊಸ ಕೋನ್ ಮಾತ್ರ ಹಾಕುವ ಪದ್ಧತಿಯನ್ನು ಕಂಡಿದ್ದೇನೆ. ಅದು ಬೇಡ. ಕಪ್ ಮತ್ತು ಕೋನ್ ಒಂದೇ ಜೋಡಿ.

ಜೋಡಿಸಿದ ರೀತಿ

ಹಳೆ ಕಪ್‌ಗಳನ್ನು ಹಬ್‌ನ ಎದುರು ಬದಿಯಿಂದ ಹಿತ್ತಾಳೆ ರಾಡಿನಲ್ಲಿ, ಆ ಕಡೆ ಒಂದು ಪೆಟ್ಟು ಈ ಕಡೆ ಒಂದು ಪೆಟ್ಟು ಎಂದು ಸುತ್ತ ಹೊಡೆದು ಹೊರತೆಗೆದೆವು. ಹೊಸ ಕಪ್ ಕೂರಿಸುವಾಗ ಓರೆಯಾಗದಂತೆ ನೋಡಿಕೊಳ್ಳಬೇಕು. ಹಳೆ ಕಪ್ಪನ್ನೇ ಅದರ ಮೇಲಿಟ್ಟು ಹೊಡೆದರೆ ಪೆಟ್ಟು ಸಮನಾಗಿ ಬೀಳುತ್ತದೆ. ಅದಕ್ಕೆ ಮೊದಲು ಹಳೆ ಕಪ್‌ನ ಹೊರಮೈಯನ್ನು ಗ್ರೈಂಡರ್‌ಗೆ ಹಿಡಿದು ಚೂರು ಸಣ್ಣ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದೇ ಒಳಗೆ ಸಿಕ್ಕಿಕೊಳ್ಳುತ್ತದೆ. ಕಪ್ ತಳಕ್ಕೆ ಮುಟ್ಟಿದಾಗ ಪೆಟ್ಟಿನ ಸದ್ದು ಬದಲಾಗಿ ಗಟ್ಟಿಯಾಗುತ್ತದೆ. ಆ ಸದ್ದು ಬರುವವರೆಗೂ ಹೊಡೆಯಬೇಕು.

ಗ್ರೀಸ್ ಲಿಥಿಯಂ ಜಾತಿಯದು, ಅಂಗಡಿಗಳಲ್ಲಿ ಎಪಿ-3 ಎಂದು ಕೇಳಿದರೆ ಕೊಡುತ್ತಾರೆ. ಇದು ಕರಗಿ ಹನಿಯಲು ಸುಮಾರು 190 ಡಿಗ್ರಿ ಬೇಕು. ನೂರು ಡಿಗ್ರಿ ಹತ್ತಿರವೇ ಕರಗುವ ಅಗ್ಗದ ಕ್ಯಾಲ್ಸಿಯಂ ಗ್ರೀಸ್ ಬ್ರೇಕ್ ಇರುವ ಹಬ್‌ಗೆ ಆಗುವುದಿಲ್ಲ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗ್‌ನ ಅಗಲದ ಬಾಯಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆದರೆ, ರೋಲರ್‌ಗಳ ಸಂದಿಯಿಂದ ಮೇಲೆ ಗ್ರೀಸ್ ಬರುತ್ತದೆ. ಸುತ್ತಲೂ ಹಾಗೆ ಬರುವವರೆಗೆ ಮಾಡಬೇಕು. ಹಬ್‌ನ ಒಳಮೈಗೆ ಒಂದು ಪದರ ಬಳಿದರೆ ಸಾಕು. ಇಡೀ ಹಬ್ಬನ್ನೂ ಕ್ಯಾಪನ್ನೂ ಗಿಡಿದು ತುಂಬಿದರೆ, ಬಿಸಿಗೆ ಗ್ರೀಸ್ ಹಿಗ್ಗಿ ಸೀಲ್ ದಾಟಿ ಡಿಸ್ಕ್ ಮೇಲೆ ಬರಬಹುದು. ಹೊಸ ಪ್ಯಾಡಿಗೆ ಗ್ರೀಸ್ ತಾಗಿದರೆ ಅದು ಹೋದಂತೆಯೇ.

ಡಿಸ್ಕನ್ನು ಹಬ್‌ಗೆ ಬಿಗಿಯುವ ಮುಂಚೆ ಹಬ್‌ನ ಮುಖವನ್ನು ವೈರ್ ಬ್ರಷ್ ಹಾಕಿ ಉಜ್ಜಿದೆವು. ಅಲ್ಲಿ ಒಂದು ತುಕ್ಕಿನ ಚಕ್ಕೆ ಉಳಿದರೂ ಡಿಸ್ಕ್ ಅಂಚಿನಲ್ಲಿ ಓಲಾಟ ಕಾಣುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲಿ ಬಿಗಿದೆವು. ಹೊಸ ಡಿಸ್ಕ್‌ಗೆ ತುಕ್ಕು ಹಿಡಿಯದಂತೆ ಹಚ್ಚಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದೆವು.

ನಟ್ ಬಿಗಿಯುವುದೇ ಇಡೀ ಕೆಲಸದ ಸೂಕ್ಷ್ಮ ಜಾಗ. ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ ಬಿಗಿಮಾಡಬೇಕು. ತಿರುಗಿಸುತ್ತಿದ್ದರೆ ರೋಲರ್‌ಗಳು ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಮತ್ತೆ ನಿಧಾನಕ್ಕೆ ಬಿಗಿಮಾಡುತ್ತಾ, ಚಕ್ರದ ಸ್ಟಡ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಬೇಕು. ಹಬ್ ತಿರುಗಲು ಶುರುವಾಗುವ ಎಳೆತ ಎಷ್ಟಿರಬೇಕು ಎನ್ನುವುದು ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಈ ಅಳತೆ ಮಾಡುವಾಗ ಕ್ಯಾಲಿಪರ್ ಹಾಕಿರಬಾರದು, ಪ್ಯಾಡಿನ ಉಜ್ಜು ಲೆಕ್ಕ ಕೆಡಿಸುತ್ತದೆ. "ಬಿಗಿಯಾಗಿರಲಿ, ಬಿಚ್ಚಿಕೊಳ್ಳದಿರಲಿ" ಎಂದು ಉದ್ದದ ಪಾನಾ ಹಾಕಿ ಎಳೆಯುವವರು ಬೇರಿಂಗನ್ನು ಸುಡುತ್ತಾರೆ. ನಟ್ ಬಿಚ್ಚದಂತೆ ತಡೆಯುವ ಕೆಲಸ ಲಾಕ್ ಕ್ಯಾಪ್ ಮತ್ತು ಸ್ಪ್ಲಿಟ್ ಪಿನ್ನಿನದು, ಬಿಗಿತದ್ದಲ್ಲ. ಪಿನ್ನಿನ ತೂತು ಹೊಂದದಿದ್ದರೆ ಲಾಕ್ ಕ್ಯಾಪ್ ತಿರುಗಿಸಿ ಬೇರೆ ಸಂದಿ ಹುಡುಕಬೇಕು.

ಇಷ್ಟಾದ ಮೇಲೆ ಮತ್ತೆ ಡಯಲ್ ಗೇಜ್. ಎಡಗಡೆ ಮೊದಲ ಸಲಕ್ಕೇ ಚೆನ್ನಾಗಿ ಬಂತು. ಬಲಗಡೆ 0.1 ದಾಟಿತು. ಹೊಸ ಡಿಸ್ಕ್, ಹೊಸ ಬೇರಿಂಗ್, ಆದರೂ ಹೀಗೆ. ಹಬ್ ಮತ್ತೆ ಇಳಿಸಿ, ಡಿಸ್ಕನ್ನು ಬೋಲ್ಟ್‌ನ ಒಂದು ತೂತಿನಷ್ಟು ತಿರುಗಿಸಿ ಬಿಗಿದೆವು. ಆಗ 0.05ಕ್ಕೆ ಇಳಿಯಿತು. ಹಬ್‌ನ ಚೂರು ಓಲಾಟ, ಡಿಸ್ಕ್‌ನ ಚೂರು ಓಲಾಟ ಒಂದೇ ಕಡೆ ಸೇರಿದ್ದರೆ ಜಾಸ್ತಿಯಾಗುತ್ತದೆ, ಎದುರುಬದುರಾದರೆ ಒಂದನ್ನೊಂದು ಕಳೆಯುತ್ತವೆ. ಸಂಜೆಗೆ ಗಾಡಿ ಕೊಡಲಾಗಲಿಲ್ಲ. ಯಜಮಾನರು ಬಸ್ಸಿಗೆ ಹೋದರು. ಈ ತಡ ಮಾಡಬೇಕಾದ ತಡವೇ.

ಬಲ ಕ್ಯಾಲಿಪರ್‌ಗೆ ಹೊಸ ಸ್ಲೈಡ್ ಪಿನ್ ಮತ್ತು ರಬ್ಬರ್ ಹಾಕಿ, ಎಡಗಡೆಯದನ್ನು ತೊಳೆದು ಬಿಸಿ ತಡೆಯುವ ಗ್ರೀಸ್ ಹಚ್ಚಿದೆವು. ಹೊಸ ಪ್ಯಾಡ್ ಪಳಗಿಸಲು ಖಾಲಿ ರಸ್ತೆಯಲ್ಲಿ ಅರವತ್ತರಿಂದ ಇಪ್ಪತ್ತಕ್ಕೆ ಹದವಾಗಿ ಇಳಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಇಳಿಸಿ, ಹೀಗೆ ಹಲವು ಸಲ ಮಾಡಿದೆ. ನಡುಕ ಇಲ್ಲ, ಸದ್ದಿಲ್ಲ, ಗುಂಡಿ ದಾಟಿದ ಮೇಲೂ ಪೆಡಲ್ ಮೇಲೆಯೇ ನಿಂತಿತು. ವಾಪಸ್ ಬಂದು ಎರಡೂ ಗ್ರೀಸ್ ಕ್ಯಾಪ್ ಮುಟ್ಟಿ ನೋಡಿದರೆ ಬೆಚ್ಚಗೆ, ಎರಡೂ ಒಂದೇ ಹದ.

ಬೇರೆ ಗಾಡಿಯವರು ಗಮನಿಸಬೇಕಾದದ್ದು

ಈ ಪ್ರಕರಣ ಓದಿ ಸ್ವಿಫ್ಟ್, ವ್ಯಾಗನಾರ್ ಇರುವವರು ಡಿಸ್ಕ್ ಬದಲಿಸುವಾಗ ಬೇರಿಂಗ್ ಬಿಚ್ಚಿಸಲು ಹೋಗಬೇಡಿ. ಅವುಗಳಲ್ಲಿ ಡಿಸ್ಕ್ ಹಬ್‌ನ ಹೊರಮೈಗೆ ಟೊಪ್ಪಿ ಹಾಕಿದಂತೆ ಕೂತಿರುತ್ತದೆ. ಚಕ್ರ, ಕ್ಯಾಲಿಪರ್ ತೆಗೆದರೆ ಕೈಗೆ ಬರುತ್ತದೆ. ತುಕ್ಕು ಹಿಡಿದು ಕೂತಿದ್ದರೆ ಡಿಸ್ಕ್‌ನಲ್ಲೇ ಇರುವ ಎರಡು ಥ್ರೆಡ್ ತೂತಿಗೆ 8 ಮಿ.ಮೀ. ಬೋಲ್ಟ್ ಬಿಗಿಮಾಡುತ್ತಾ ಹೋದರೆ ತಾನಾಗಿ ಎದ್ದು ಬರುತ್ತದೆ. ಬೇರಿಂಗ್ ನಕಲ್ ಒಳಗೆ ಪ್ರೆಸ್‌ನಲ್ಲಿ ಕೂರಿಸಿದ್ದು, ಗ್ರೀಸ್ ತುಂಬಿ ಮುಚ್ಚಿದ್ದು. ಸದ್ದು, ಪ್ಲೇ ಇಲ್ಲದಿದ್ದರೆ ಅದನ್ನು ಮುಟ್ಟುವುದೇ ತಪ್ಪು. ಹಬ್ಬನ್ನು ಒತ್ತಿ ಹೊರತೆಗೆಯುವಾಗ ಆ ಬಲವೆಲ್ಲ ಬಾಲ್‌ಗಳ ಮೇಲೆ ಬಿದ್ದು ಒಳಗೆ ಕುಳಿ ಬೀಳುತ್ತದೆ. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಗಾಡಿಗಳಲ್ಲಿ ಬೇರಿಂಗ್‌ನ ಒಂದು ಮುಖದಲ್ಲೇ ಆಯಸ್ಕಾಂತದ ಉಂಗುರ ಇರುತ್ತದೆ. ತಿರುವುಮುರುವಾಗಿ ಕೂರಿಸಿದರೆ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ, ಮತ್ತೆ ಮೊದಲಿಂದ ಕೆಲಸ.

ಆಮೇಲೆ

ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ತೋರಿಸಿ ಎಂದಿದ್ದೆ. ಹೊಸ ಟೇಪರ್ ಬೇರಿಂಗ್ ಸ್ವಲ್ಪ ಓಡಿದ ಮೇಲೆ ಚೂರು ಸಡಿಲವಾಗಬಹುದು. ಯಜಮಾನರು ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದ ಮೇಲೆ ಗಾಡಿ ತಂದರು. ಘಾಟಿ ಇಳಿಯುವಾಗ ಸ್ಟೇರಿಂಗ್ ನಡುಗಲಿಲ್ಲವಂತೆ. ಜಾಕ್ ಕೊಟ್ಟು ನೋಡಿದೆವು, ಎರಡೂ ಕಡೆ ಪ್ಲೇ ಇರಲಿಲ್ಲ. ಬಲಗಡೆ ಕ್ಯಾಪ್ ತೆಗೆದರೆ ಗ್ರೀಸ್ ಹಾಕಿದ ಬಣ್ಣದಲ್ಲೇ ಇತ್ತು. ಈಗ ನಾಲೆಯ ದಡದ ಮೇಲೆಯೇ ನಿಲ್ಲಿಸಿ ಕೊಡದಲ್ಲಿ ನೀರು ತಂದು ತೊಳೆಯುತ್ತಾರೆ. ಎಡಗಡೆ ಇನ್ನೂ ಹಳೆ ಬೇರಿಂಗೇ ಇರುವುದರಿಂದ, ಮಳೆಗಾಲ ಮುಗಿದ ಮೇಲೆ ಅದನ್ನು ಒಮ್ಮೆ ಬಿಚ್ಚಿ ನೋಡುವುದೆಂದು ಬಿಲ್ಲಿನ ಮೇಲೆ ಬರೆದುಕೊಟ್ಟಿದ್ದೇನೆ.